ಮರಗಪ್ಪೆ ಹಗಲಲ್ಲಿ ನೆಲಕ್ಕಿಳಿದಾಗ

ಆರೋಗ್ಯವಾಗಿರುವ ಮರಗಪ್ಪೆ ಹಗಲಿಡೀ ಏನೂ ಮಾಡುವುದಿಲ್ಲ. ಸಾಕುವ ತೊಟ್ಟಿಯ ಗಾಜಿಗೋ ಎಲೆಯ ಹಿಂಬದಿಗೋ ಅಂಟಿಕೊಂಡು, ನಾಲ್ಕೂ ಕಾಲುಗಳನ್ನು ಮೈಯಡಿಗೆ ಮಡಚಿ, ಕಣ್ಣು ಮುಚ್ಚಿ ಹಸಿರು ಉಂಡೆಯಂತೆ ಕೂತಿರುತ್ತದೆ. ಕಾಯಿಲೆ ಬಿದ್ದ ಕಪ್ಪೆಯೂ ಏನೂ ಮಾಡುವುದಿಲ್ಲ. ಸಾಕುವವರಿಗೆ ತೊಡಕಾಗುವುದು ಇಲ್ಲೇ. ನಾಯಿಗೆ ಹುಷಾರಿಲ್ಲದಿದ್ದರೆ ಮನೆಯವರಿಗೆಲ್ಲ ಗೊತ್ತಾಗುತ್ತದೆ. ಕಪ್ಪೆ ನಿನ್ನೆಯಂತೆಯೇ ಇವತ್ತೂ ಸುಮ್ಮನೆ ಕೂತಿರುತ್ತದೆ. ಆದ್ದರಿಂದ ಅದು ಎಲ್ಲಿ ಕೂತಿದೆ, ಹೇಗೆ ಕೂತಿದೆ ಎಂದು ನೋಡಬೇಕು. ಹಗಲು ಹೊತ್ತಿನಲ್ಲಿ ತೊಟ್ಟಿಯ ನೆಲದ ಮೇಲೆ, ಮರೆಯಿಲ್ಲದ ಜಾಗದಲ್ಲಿ, ಹಿಂಗಾಲು ಅರ್ಧ ಚಾಚಿಕೊಂಡು ಕೂತಿದ್ದರೆ ಅದು ಕೆಟ್ಟ ಸೂಚನೆ. ನೀರಿನ ಬಟ್ಟಲಿನಿಂದ ದಿನಗಟ್ಟಲೆ ಏಳದಿದ್ದರೂ ಅಷ್ಟೇ. ರಾತ್ರಿ ದೀಪ ಆರಿದ ಮೇಲೂ ಅಲುಗಾಡದೆ, ಮುಂದೆ ಹುಳು ಹರಿದರೂ ತಿರುಗಿ ನೋಡದಿದ್ದರೆ ತಡ ಮಾಡಬಾರದು.

ಸುಮ್ಮಸುಮ್ಮನೆ ಗಾಬರಿ ಹುಟ್ಟಿಸುವ ಸಂಗತಿಗಳೂ ಇವೆ. ಅವುಗಳಲ್ಲಿ ಮೊದಲನೆಯದು ಪೊರೆ ಬಿಡುವುದು. ಕಪ್ಪೆ ಬೆನ್ನು ಗೂನು ಮಾಡಿಕೊಂಡು, ಮೈ ಉಬ್ಬಿಸಿ, ಬಾಯಿಯನ್ನು ಮತ್ತೆ ಮತ್ತೆ ಅಗಲಿಸುತ್ತದೆ. ಹಿಂಗಾಲಿನಿಂದ ಪಕ್ಕೆ ಉಜ್ಜುತ್ತದೆ, ಮುಂಗಾಲಿನಿಂದ ತಲೆ ಒರೆಸಿಕೊಳ್ಳುತ್ತದೆ. ಬಾಯಿಯ ಎರಡೂ ಅಂಚಿನಲ್ಲಿ ತೆಳ್ಳನೆಯ ಲೋಳೆ ಎಳೆ ಕಾಣುತ್ತದೆ. ಅದೇ ಹಳೆಯ ಚರ್ಮ. ಅದನ್ನು ಒಳಗೆಳೆದುಕೊಂಡು ನುಂಗುವಾಗ ಪ್ರತಿ ಗುಟುಕಿಗೂ ಕಣ್ಣುಗಳು ತಲೆಯೊಳಗೆ ಇಳಿದು ಮೇಲೇಳುತ್ತವೆ, ಏಕೆಂದರೆ ಕಪ್ಪೆ ಕಣ್ಣಗುಡ್ಡೆಗಳಿಂದಲೂ ಆಹಾರವನ್ನು ಗಂಟಲಿಗೆ ತಳ್ಳುತ್ತದೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದುಕೊಂಡು ಬಾಯಿಗೆ ಕಡ್ಡಿ ಹಾಕಲು ಹೋಗುವವರಿದ್ದಾರೆ. ಕೈಕಟ್ಟಿ ಕೂತರೆ ಕೆಲವೇ ನಿಮಿಷಗಳಲ್ಲಿ ಎಲ್ಲ ಮುಗಿದಿರುತ್ತದೆ.

ಬಣ್ಣವನ್ನೂ ಪೂರ್ತಿ ನಂಬುವಂತಿಲ್ಲ. ಸಾಕುವವರಲ್ಲಿ ಹೆಚ್ಚು ಬಳಕೆಯಲ್ಲಿರುವ ಆಸ್ಟ್ರೇಲಿಯಾ ಮೂಲದ ವೈಟ್ಸ್ ಮರಗಪ್ಪೆ ತಂಪಿಗೆ, ಕತ್ತಲಿಗೆ, ಹಿನ್ನೆಲೆಗೆ ತಕ್ಕಂತೆ ಹಸಿರಿನಿಂದ ಕಂದಿಗೆ ತಿರುಗುತ್ತದೆ. ಅಂದಹಾಗೆ 1790ರಲ್ಲಿ ಇದಕ್ಕೆ ‘ನೀಲಿ’ ಎಂಬರ್ಥದ ಸಿರೂಲಿಯಾ ಎಂದು ಹೆಸರಿಟ್ಟದ್ದು ಒಂದು ಎಡವಟ್ಟು. ಸಂರಕ್ಷಕ ದ್ರವದಲ್ಲಿ ಹಳದಿ ವರ್ಣಕ ಕರಗಿಹೋಗಿ ಮಾದರಿ ನೀಲಿಯಾಗಿತ್ತು, ಹೆಸರು ಹಾಗೇ ಉಳಿಯಿತು. ಕೆಂಪುಗಣ್ಣಿನ ಮರಗಪ್ಪೆಯ ಪಾದಗಳಂತೂ ಸಹಜವಾಗಿಯೇ ಕಿತ್ತಳೆ. ನಿಮ್ಮ ಕಪ್ಪೆ ಚೆನ್ನಾಗಿರುವಾಗ ಹೊಟ್ಟೆ, ತೊಡೆ, ಪಾದ ಯಾವ ಬಣ್ಣದಲ್ಲಿರುತ್ತವೆ ಎಂದು ಒಂದೆರಡು ಫೋಟೊ ತೆಗೆದಿಟ್ಟುಕೊಂಡರೆ ಮುಂದೆ ಹೋಲಿಸಲು ಆಧಾರ ಸಿಗುತ್ತದೆ.

ಕಪ್ಪೆಯ ಕಾಯಿಲೆಗಳು ಅರ್ಥವಾಗಬೇಕಾದರೆ ಅದರ ಚರ್ಮ ಅರ್ಥವಾಗಬೇಕು. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಭಾಗ ಮತ್ತು ತೊಡೆಯ ಒಳಬದಿಯ ತೆಳು ಚರ್ಮವನ್ನು ಒದ್ದೆ ಜಾಗಕ್ಕೆ ಒತ್ತಿ ನೀರನ್ನು ಹೀರಿಕೊಳ್ಳುತ್ತದೆ. ಆಮ್ಲಜನಕದ ಒಂದು ಪಾಲು ಬರುವುದೂ, ರಕ್ತದ ಸೋಡಿಯಂ–ಪೊಟ್ಯಾಸಿಯಂ ಸಮತೋಲ ಉಳಿಯುವುದೂ ಚರ್ಮದ ಮೂಲಕವೇ. ಹೀಗಾಗಿ ನೀರಿನಲ್ಲಿರುವುದೆಲ್ಲ ಮೈಯೊಳಗೆ ಹೋಗುತ್ತದೆ: ಕ್ಲೋರಿನ್, ಕೊಳೆತ ಮಲದಿಂದ ಬಂದ ಅಮೋನಿಯಾ, ತೊಳೆದ ಬಟ್ಟಲಲ್ಲಿ ಉಳಿದ ಸಾಬೂನಿನ ಅಂಶ, ನಿಮ್ಮ ಕೈಯ ಸೊಳ್ಳೆ ಕ್ರೀಮು. ಸಾಕಿದ ಕಪ್ಪೆಗಳ ಕಾಯಿಲೆಯಲ್ಲಿ ದೊಡ್ಡ ಪಾಲು ಶುರುವಾಗುವುದೇ ತೊಟ್ಟಿಯಿಂದ. ಅದಕ್ಕೇ ಚಿಕಿತ್ಸೆಯ ಮೊದಲ ಹೆಜ್ಜೆ ಔಷಧಿಯಲ್ಲ, ಶುದ್ಧ ನೀರು.

ಅನುಮಾನ ಬಂದ ತಕ್ಷಣ ಕಪ್ಪೆಯನ್ನು ಬೇರೆ ಡಬ್ಬಿಗೆ ಸೇರಿಸಿ. ಐದಾರು ಲೀಟರ್ ಹಿಡಿಸುವ, ಹಿಂದೆ ಸಾಬೂನು, ರಾಸಾಯನಿಕ ಏನೂ ಇಟ್ಟಿರದ ಪ್ಲಾಸ್ಟಿಕ್ ಡಬ್ಬಿ ಸಾಕು. ಮುಚ್ಚಳಕ್ಕೆ ಒಳಗಿನಿಂದ ಹೊರಕ್ಕೆ ತೂತು ಕೊರೆಯಿರಿ. ಹೊರಗಿನಿಂದ ಕೊರೆದರೆ ಚೂಪು ಅಂಚು ಒಳಗೆ ಉಳಿದು ಕಪ್ಪೆಯ ಮೂತಿ ಗೀರುತ್ತದೆ. ತಳಕ್ಕೆ ಬಣ್ಣ, ಸುವಾಸನೆ ಇಲ್ಲದ ಪೇಪರ್ ಟವೆಲ್ ಎರಡು ಪದರ ಹಾಸಿ, ಒದ್ದೆ ಮಾಡಿ. ಆದರೆ ನೀರು ನಿಲ್ಲಬಾರದು. ಒಂದು ಕಡೆ ಬಟ್ಟಲು. ಅದರ ನೀರು ಕೂತ ಕಪ್ಪೆಯ ಗದ್ದ ಮುಟ್ಟಬಾರದು. ನಿತ್ರಾಣಗೊಂಡ ಕಪ್ಪೆ ಎರಡು ಬೆರಳಿನಷ್ಟು ನೀರಿನಲ್ಲೂ ಮುಳುಗಿ ಸಾಯಬಹುದು. ಅಡಗಲು ಒಂದು ತುಂಡು ಪೈಪು ಅಥವಾ ಪ್ಲಾಸ್ಟಿಕ್ ಎಲೆ ಇರಲಿ. ಟವೆಲ್ ಮತ್ತು ನೀರನ್ನು ದಿನಕ್ಕೊಮ್ಮೆ, ಮಲ ಕಂಡರೆ ಆಗಲೇ ಬದಲಿಸಿ. ಬಿಳಿ ಟವೆಲ್ ಮೇಲೆ ಮಲ, ರಕ್ತ, ಕಿತ್ತುಬಂದ ಪೊರೆ ಎಲ್ಲವೂ ಎದ್ದು ಕಾಣುವುದು ಇನ್ನೊಂದು ಲಾಭ.

ನಲ್ಲಿ ನೀರನ್ನು ಒಂದು ರಾತ್ರಿ ತೆರೆದಿಟ್ಟರೆ ಕ್ಲೋರಿನ್ ಬಹುಮಟ್ಟಿಗೆ ಹಾರಿಹೋಗುತ್ತದೆ, ಕ್ಲೋರಿನ್–ಅಮೋನಿಯಾ ಸೇರಿದ ಕ್ಲೋರಮಿನ್ ಹೋಗುವುದಿಲ್ಲ. ನಿಮ್ಮ ನೀರಿಗೆ ಯಾವುದನ್ನು ಬೆರೆಸುತ್ತಾರೆ ಎಂದು ಗೊತ್ತಿಲ್ಲದಿದ್ದರೆ ಅಕ್ವೇರಿಯಂನವರು ಬಳಸುವ, ಎರಡಕ್ಕೂ ಆಗುತ್ತದೆ ಎಂದು ಬರೆದಿರುವ ಕ್ಲೋರಿನ್ ನಿವಾರಕವನ್ನೇ ಬಳಸಿ. ಶಾಖದ ವಿಷಯದಲ್ಲಿ ಅವಸರ ಬೇಡ. ವೈಟ್ಸ್ ಮರಗಪ್ಪೆಗೆ ಹಗಲು 24ರಿಂದ 28, ರಾತ್ರಿ 20–22 ಡಿಗ್ರಿ ಸೆಲ್ಸಿಯಸ್ ಹಿತ. ಕಪ್ಪೆಯ ರೋಗನಿರೋಧಕ ಶಕ್ತಿ ಮೈಯ ಶಾಖವನ್ನು ಅವಲಂಬಿಸಿರುವುದರಿಂದ ತೀರಾ ತಂಪು ಒಳ್ಳೆಯದಲ್ಲ. ಆದರೆ ಚಿಕ್ಕ ಡಬ್ಬಿಯ ಮೇಲೆ ಬಲ್ಬು ಹಿಡಿದರೆ ಒಂದೇ ಗಂಟೆಯಲ್ಲಿ ಅದು ಒಲೆಯಾಗುತ್ತದೆ. ಡಬ್ಬಿಯೊಳಗೇ ಒಂದು ಥರ್ಮಾಮೀಟರ್ ಇಡಿ. ಕಪ್ಪೆಯನ್ನು ಎತ್ತುವಾಗ ಪುಡಿಯಿಲ್ಲದ ನೈಟ್ರೈಲ್ ಕೈಗವಸು ತೊಟ್ಟು, ಅದನ್ನು ಕ್ಲೋರಿನ್ ತೆಗೆದ ನೀರಿನಲ್ಲಿ ನೆನೆಸಿಕೊಳ್ಳಿ. ಒಣ ಕೈ ತಾಗಿದರೆ ಚರ್ಮದ ರಕ್ಷಣೆಗಿರುವ ಲೋಳೆ ಕಿತ್ತು ಬರುತ್ತದೆ.

ಈ ಸ್ಥಳಾಂತರವೇ ಚಿಕಿತ್ಸೆಯಾಗುವ ಒಂದು ಸಂದರ್ಭವಿದೆ. ಕಪ್ಪೆ ಇದ್ದಕ್ಕಿದ್ದಂತೆ ಹುಚ್ಚೆದ್ದು ಗೋಡೆಗೆ ಹಾರಿ ಬೀಳುತ್ತದೆ, ಹಿಂಗಾಲು ಸೆಟೆದು ನಡುಗುತ್ತದೆ. ಕೊಳೆತ ನೀರು, ವಾರಗಟ್ಟಲೆ ಬದಲಿಸದ ನೆಲಹಾಸು, ಸರಿಯಾಗಿ ತೊಳೆಯದ ಬ್ಲೀಚು, ಕೋಣೆಯಲ್ಲಿ ಹೊಡೆದ ಕೀಟನಾಶಕ ಇವುಗಳ ವಿಷ ಚರ್ಮದಿಂದ ಏರಿರಬಹುದು. ಕೋಣೆಯ ಶಾಖದಲ್ಲಿರುವ, ಕ್ಲೋರಿನ್ ತೆಗೆದ ನೀರನ್ನು ಮೂಗಿಗೆ ತಾಗದಂತೆ ಮೈಮೇಲೆ ನಿಧಾನವಾಗಿ ಹರಿಸಿ, ತೆಳು ನೀರಿನ ಡಬ್ಬಿಯಲ್ಲಿ ಕೂರಿಸಿ, ಮೊದಲ ಕೆಲವು ಗಂಟೆ ಆಗಾಗ ನೀರು ಬದಲಿಸುತ್ತಿರಬೇಕು. ಹಳೆಯ ಬಟ್ಟಲಿನ ನೀರನ್ನು ಚೆಲ್ಲುವ ಮೊದಲು ಅಮೋನಿಯಾ ಪರೀಕ್ಷೆ ಮಾಡಿ. ಸೊನ್ನೆ ಬರಬೇಕು. ಬರದಿದ್ದರೆ ಕಾರಣದ ದೊಡ್ಡ ಸುಳಿವು ಸಿಕ್ಕಂತೆಯೇ.

ತೊಡೆಯ ಕೆಳಬದಿ, ಹೊಟ್ಟೆಯ ಮೇಲೆ ಕೆಂಪು ಚುಕ್ಕಿ, ರಕ್ತ ಇಳಿದಂಥ ಕಲೆ ಕಂಡರೆ ಅದಕ್ಕೆ ‘ಕೆಂಗಾಲು’ ಎನ್ನೋಣ. ಏರೋಮೊನಾಸ್‌ನಂಥ ಬ್ಯಾಕ್ಟೀರಿಯಾ ರಕ್ತಕ್ಕೆ ಹೊಕ್ಕಾಗ ಹೀಗಾಗುತ್ತದೆ. ಈ ಬ್ಯಾಕ್ಟೀರಿಯಾ ಸಾಮಾನ್ಯ ನೀರಿನಲ್ಲೂ ಇರುತ್ತವೆ. ಕೊಳಕು, ತಂಪು, ಕಿಕ್ಕಿರಿದ ತೊಟ್ಟಿಯಲ್ಲಿ ಕಪ್ಪೆ ಸೋತಾಗ ಮೇಲೆ ಬೀಳುತ್ತವೆ. ಶಿಲೀಂಧ್ರ, ವೈರಸ್, ವಿಷದಿಂದಲೂ ಇದೇ ಕೆಂಪು ಬರುವುದರಿಂದ ಬರಿಗಣ್ಣಿಗೆ ನಂಬಿಕೆ ಸಾಲದು. ಪಶುವೈದ್ಯರು ಮಾದರಿ ತೆಗೆದು ನೋಡಿ ಆ್ಯಂಟಿಬಯಾಟಿಕ್ ಆರಿಸುತ್ತಾರೆ. ಒಂದೆರಡು ದಿನ ನೋಡೋಣ ಎನ್ನುವ ಕಾಯಿಲೆ ಇದಲ್ಲ.

ಕೈಟ್ರಿಡ್ ಶಿಲೀಂಧ್ರದ ಕಥೆ ಚರ್ಮದ ಮಹತ್ವಕ್ಕೆ ಕನ್ನಡಿ. ಆಸ್ಟ್ರೇಲಿಯಾ ಮತ್ತು ಮಧ್ಯ ಅಮೆರಿಕದ ಕಾಡುಗಳಲ್ಲಿ ಕಪ್ಪೆಗಳು ರಾಶಿ ರಾಶಿಯಾಗಿ ಸಾಯುತ್ತಿದ್ದುದಕ್ಕೆ ಇದೇ ಕಾರಣ ಎಂದು 1998ರಲ್ಲಿ ತಿಳಿಯಿತು. ಮರುವರ್ಷ ಅದಕ್ಕೆ ಬ್ಯಾಟ್ರಕೋಕೈಟ್ರಿಯಂ ಡೆಂಡ್ರೊಬ್ಯಾಟಿಡಿಸ್ ಎಂಬ ಉದ್ದನೆಯ ಹೆಸರು ಬಂತು. ಚರ್ಮದ ಹೊರಪದರದಲ್ಲಷ್ಟೇ ಬೆಳೆಯುವ ಶಿಲೀಂಧ್ರ ಇಡೀ ಪ್ರಾಣಿಯನ್ನು ಕೊಲ್ಲುವುದು ಹೇಗೆ ಎಂಬುದಕ್ಕೆ 2009ರಲ್ಲಿ ಉತ್ತರ ಸಿಕ್ಕಿದ್ದು ನಮ್ಮ ಇದೇ ವೈಟ್ಸ್ ಮರಗಪ್ಪೆಯಲ್ಲಿ. ಸೋಂಕಿದ ಚರ್ಮ ಲವಣಗಳನ್ನು ಹಿಡಿದಿಡಲಾರದು. ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ ಕುಸಿದು ಕೊನೆಗೆ ಹೃದಯ ನಿಲ್ಲುತ್ತದೆ. ಪದೇ ಪದೇ ಪೊರೆ ಬಿಡುವುದು, ಪೊರೆ ತುಣುಕು ತುಣುಕಾಗಿ ಮೈಗಂಟಿ ಉಳಿಯುವುದು, ಕಾಲು ಚಾಚಿ ಮಂಕಾಗಿ ಕೂರುವುದು ಇದರ ಚಿಹ್ನೆ. ಅಂಗಾತ ಬಿದ್ದ ಕಪ್ಪೆ ತಟ್ಟನೆ ಮಗುಚಿಕೊಳ್ಳದಿದ್ದರೆ ಕಾಯಿಲೆ ಬಹಳ ಮುಂದುವರಿದಿದೆ ಎಂದೇ ಅರ್ಥ. ಹತ್ತಿಕಡ್ಡಿಯಿಂದ ಹೊಟ್ಟೆ, ತೊಡೆ, ಬೆರಳಸಂದಿ ಒರೆಸಿ, ಶಿಲೀಂಧ್ರದ ಡಿಎನ್ಎ ಹುಡುಕುವ ಪಿಸಿಆರ್ ಪರೀಕ್ಷೆಗೆ ಕಳಿಸಿದರೆ ಖಚಿತವಾಗುತ್ತದೆ. ವೈದ್ಯರು ಇಟ್ರಕೊನಜೋಲ್ ಎಂಬ ಶಿಲೀಂಧ್ರನಾಶಕದ ತೀರಾ ತೆಳುವಾದ ದ್ರಾವಣದಲ್ಲಿ ದಿನಕ್ಕೆ 5 ನಿಮಿಷದಂತೆ ಸುಮಾರು 11 ದಿನ ಸ್ನಾನ ಮಾಡಿಸುವುದುಂಟು. ಈ ಶಿಲೀಂಧ್ರ 17ರಿಂದ 25 ಡಿಗ್ರಿಯಲ್ಲಿ ಹುಲುಸಾಗಿ ಬೆಳೆದು 30ರ ಆಚೆ ಸೊರಗುತ್ತದೆ ಎಂಬುದು ನಿಜ. ಹಾಗೆಂದು ನಿತ್ರಾಣಗೊಂಡ ಕಪ್ಪೆಯನ್ನು ಮನೆಯಲ್ಲಿ ಬಿಸಿ ಮಾಡಿದರೆ ಶಿಲೀಂಧ್ರಕ್ಕಿಂತ ಮೊದಲು ಕಪ್ಪೆಯೇ ಹೋದೀತು.

ನಿಧಾನಕ್ಕೆ ಬರುವ ಕಾಯಿಲೆಗಳ ಮೂಲ ಊಟದಲ್ಲಿದೆ. ಕಪ್ಪೆಗಳಿಗೆ ತಿನ್ನಿಸುವ ಕ್ರಿಕೆಟ್ ಹುಳುವಿನಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹಲವು ಪಟ್ಟು ಹೆಚ್ಚು. ಕಪ್ಪೆಗೆ ಬೇಕಾದದ್ದು ತಿರುಗಾಮುರುಗಾ, ಒಂದು ಪಾಲು ರಂಜಕಕ್ಕೆ ಒಂದೂವರೆಯಿಂದ ಎರಡು ಪಾಲು ಕ್ಯಾಲ್ಸಿಯಂ. ಬರೀ ಹುಳು ತಿಂದು ಬೆಳೆದ ಕಪ್ಪೆ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆಯಲು ಶುರುಮಾಡುತ್ತದೆ. ಕೆಳದವಡೆ ಮೆತ್ತಗಾಗಿ ಜೋಲುತ್ತದೆ, ಬಾಯಿ ಪೂರ್ತಿ ಮುಚ್ಚುವುದಿಲ್ಲ. ಬೆನ್ನು ಡೊಂಕಾಗುತ್ತದೆ, ಬೆರಳು ಅದುರುತ್ತವೆ, ಹಾರಿದ್ದು ಗುರಿ ಮುಟ್ಟುವುದಿಲ್ಲ. ಹುಳುಗಳಿಗೆ ಕಪ್ಪೆಯ ಬಾಯಿ ಸೇರುವ 24ರಿಂದ 48 ಗಂಟೆ ಮೊದಲು ಕ್ಯಾಲ್ಸಿಯಂ ಹೆಚ್ಚಿರುವ ಆಹಾರ ತಿನ್ನಿಸಬೇಕು. ಕೊಡುವಾಗ, ಕ್ಯಾಲ್ಸಿಯಂ ಹೀರಲು ಬೇಕಾದ ವಿಟಮಿನ್ ಡಿ3 ಇರುವ ಕ್ಯಾಲ್ಸಿಯಂ ಪುಡಿಯಲ್ಲಿ ಕುಲುಕಿ ಕೊಡಬೇಕು. ಪುಡಿ ಉದುರಿಹೋಗುವುದರಿಂದ ಹುಳುಗಳನ್ನು ಒಮ್ಮೆಗೇ ಸುರಿಯದೆ ತಿನ್ನುವಷ್ಟನ್ನೇ ಬಿಡಿ. ಚರ್ಮದಲ್ಲಿ ಡಿ3 ತಯಾರಾಗಲು ನೆರವಾಗುವ ಯುವಿಬಿ (ಅತಿನೇರಳೆ) ದೀಪ ಹಾಕಿದ್ದರೆ ಬೆಳಕು ಜಾಲರಿಯ ಮೂಲಕ ಬರಬೇಕು. ಸಾಮಾನ್ಯ ಗಾಜು ಯುವಿಬಿಯನ್ನು ತಡೆದುಬಿಡುತ್ತದೆ. ದೀಪ ಉರಿಯುತ್ತಿದ್ದರೂ ಅದರ ಯುವಿಬಿ ಕಾಲಕ್ರಮೇಣ ಸೋರಿಹೋಗುತ್ತದೆ, ಆದ್ದರಿಂದ ತಯಾರಕರು ಹೇಳಿದ ಅವಧಿಗೆ ಬದಲಿಸಲೇಬೇಕು. ಡೊಂಕಾದ ಮೂಳೆ ನೆಟ್ಟಗಾಗುವುದಿಲ್ಲ, ಮುಂದೆ ಹಾಳಾಗುವುದು ನಿಲ್ಲಬಹುದು ಅಷ್ಟೇ.

ಹುಳುವಿನ ಮೇಲೆ ಎರಗುತ್ತದೆ, ನಾಲಿಗೆ ಚಾಚುತ್ತದೆ, ಆದರೂ ಹಿಡಿಯಲಾಗುವುದಿಲ್ಲ ಎಂದಾದರೆ ಕಣ್ಣನ್ನು ಮಾತ್ರ ದೂರಬೇಡಿ. ವಿಟಮಿನ್ ಎ ಕೊರತೆಯಿಂದ ನಾಲಿಗೆಯ ಅಂಟು ಸುರಿಸುವ ಜೀವಕೋಶಗಳು ಗಡುಸಾಗಿಬಿಡುತ್ತವೆ. ಸಸ್ಯಗಳಲ್ಲಿರುವ ಬೀಟಾ ಕೆರೋಟಿನ್ ಅನ್ನು ವಿಟಮಿನ್ ಎ ಆಗಿ ಬದಲಿಸುವುದರಲ್ಲಿ ಅನೇಕ ಕಪ್ಪೆಗಳು ಹಿಂದೆ. ಹಾಗಾಗಿ ಪುಡಿಯ ಡಬ್ಬಿಯ ಮೇಲೆ ರೆಟಿನಾಲ್ ರೂಪದ ವಿಟಮಿನ್ ಎ ಇದೆಯೇ ನೋಡಿ. ಹನಿ ಅಥವಾ ಇಂಜೆಕ್ಷನ್ ರೂಪದಲ್ಲಿ ನೀವಾಗಿಯೇ ಕೊಡಬೇಡಿ, ಹೆಚ್ಚಾದರೂ ವಿಷ.

ಹೊಟ್ಟೆ ಉಬ್ಬಿದ್ದು ಒತ್ತಿದರೆ ನೀರಿನ ಚೀಲದಂತಿದ್ದರೆ ಮೂತ್ರಪಿಂಡ, ಹೃದಯ ಅಥವಾ ಸೋಂಕಿನ ತೊಂದರೆ ಇರಬಹುದು. ಗಟ್ಟಿಯಿದ್ದು ಮಲವಿಲ್ಲದಿದ್ದರೆ ಜಲ್ಲಿ, ತೊಗಟೆ ನುಂಗಿರುವ ಸಾಧ್ಯತೆ ಹೆಚ್ಚು. ಗುದದಿಂದ ಕೆಂಪು ಮಾಂಸ ಹೊರಬಂದಿದ್ದರೆ ಒಳಗೆ ತಳ್ಳಬೇಡಿ. ಒದ್ದೆ ಟವೆಲ್ ಮೇಲೆ ಕೂರಿಸಿ, ಆ ಭಾಗ ಒಣಗದಂತೆ ನೋಡಿಕೊಂಡು ಅದೇ ದಿನ ವೈದ್ಯರ ಬಳಿಗೆ ಒಯ್ಯಿರಿ.

ಇನ್ನು ಮನೆಯ ಔಷಧಿ ಡಬ್ಬಿ. ಗಾಯಕ್ಕೆ ಹಚ್ಚುವ ಮುಲಾಮಿನ ಹೆಸರಿನ ಕೆಳಗೆ ‘ನೋವು ನಿವಾರಕ’ ಎಂದಿದ್ದರೆ ಕಪ್ಪೆಗೆ ತಾಗಿಸಲೇಬೇಡಿ. ಅದರಲ್ಲಿ ಬೆಂಜೊಕೇನ್‌ನಂಥ ಮರಗಟ್ಟಿಸುವ ಮದ್ದು ಇರಬಹುದು. ಉಭಯವಾಸಿಗಳಿಗೆ ಅರಿವಳಿಕೆ ಕೊಡಲೂ ದಯಾಮರಣಕ್ಕೂ ಬಳಸುವುದು ಅದನ್ನೇ. ಅಡುಗೆ ಉಪ್ಪನ್ನು ಅಂದಾಜಿನಲ್ಲಿ ಕಲಸಿದ ನೀರು, ಮೀನಿನ ಔಷಧಿ, ನಾಯಿಯ ಹುಳುಮದ್ದು ಯಾವುದೂ ಬೇಡ. ಹುಳುಮದ್ದಾದ ಐವರ್ಮೆಕ್ಟಿನ್ ಒಂದಿಷ್ಟು ಹೆಚ್ಚಾದರೂ ಕಪ್ಪೆಯ ಮೈ ಸತ್ವವಿಲ್ಲದೆ ಜೋತುಬೀಳುತ್ತದೆ. ತಿನ್ನದ ಕಪ್ಪೆಯ ಬಾಯಿ ಬಿಡಿಸಿ ತುರುಕುವುದೂ ಬೇಡ. ಮೆತ್ತಗಾದ ದವಡೆ ಮುರಿದೀತು.

ಇಷ್ಟೆಲ್ಲಕ್ಕಿಂತ ಮೊದಲೇ ಎಚ್ಚರಿಸುವ ಸಾಧನ ಒಂದಿದೆ: 0.1 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ. ಮುಚ್ಚಳದ ಡಬ್ಬಿ ಇಟ್ಟು ಸೊನ್ನೆ ಮಾಡಿ, ಕಪ್ಪೆಯನ್ನು ಒಳಗೆ ಬಿಟ್ಟು, ವಾರಕ್ಕೊಮ್ಮೆ ಒಂದೇ ದಿನ ತೂಗಿ ಬರೆದಿಡಿ. 40 ಗ್ರಾಂ ಇದ್ದದ್ದು 36ಕ್ಕೆ ಇಳಿದರೆ, ಅಂದರೆ ಹತ್ತನೇ ಒಂದು ಭಾಗ ಹೋದರೆ, ನೋಡಲು ದುಂಡಗಿದ್ದರೂ ವೈದ್ಯರಿಗೆ ತೋರಿಸಿ. ಹೋಗುವಾಗ ತೂಕದ ಪಟ್ಟಿ, ತೊಟ್ಟಿಯ ಫೋಟೊ, ಶಾಖ ಮತ್ತು ತೇವದ ಅಂಕಿ, ಪುಡಿಗಳ ಡಬ್ಬಿ ಜೊತೆಗಿರಲಿ. 24 ಗಂಟೆಯೊಳಗಿನ ಮಲವನ್ನು ಒಣಗದಂತೆ ಮುಚ್ಚಿ, ಫ್ರಿಜ್ಜಿನಲ್ಲಿಟ್ಟು ಒಯ್ದರೆ ಜಂತು, ಶ್ವಾಸಕೋಶದ ಹುಳುವಿನ ಮೊಟ್ಟೆ ಸಿಗಬಹುದು. ಎಲ್ಲ ಪಶುವೈದ್ಯರೂ ಕಪ್ಪೆ ನೋಡುವುದಿಲ್ಲ, ಆದ್ದರಿಂದ ನೋಡುವವರು ಯಾರೆಂದು ಕಪ್ಪೆ ಚೆನ್ನಾಗಿರುವಾಗಲೇ ವಿಚಾರಿಸಿಟ್ಟುಕೊಳ್ಳುವುದು ಜಾಣತನ.

ಒಂದೇ ತೊಟ್ಟಿಯಲ್ಲಿ ಹಲವು ಕಪ್ಪೆಗಳಿದ್ದರೆ ಉಳಿದವನ್ನೂ ಶಂಕಿತರೆಂದೇ ಎಣಿಸಿ, ದಿನದ ಕೆಲಸದಲ್ಲಿ ರೋಗಿಯ ಡಬ್ಬಿಗೆ ಕೊನೆಯಲ್ಲಿ ಕೈ ಹಾಕಿ, ಬಟ್ಟಲು–ಚಿಮಟ ಬೇರೆಯೇ ಇಡಿ. ಹೊಸ ಕಪ್ಪೆ ತಂದಾಗಲೂ 60ರಿಂದ 90 ದಿನ ಇದೇ ಕ್ರಮ. ಕಪ್ಪೆ ಮುಟ್ಟಿದ ಮೇಲೆ ಸಾಬೂನಿನಲ್ಲಿ ಕೈ ತೊಳೆಯುವುದು ನಿಮ್ಮ ಸಲುವಾಗಿ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಕಪ್ಪೆಗೆ ಏನೂ ಮಾಡದಿದ್ದರೂ ಮನುಷ್ಯರಿಗೆ ಅಂಟುತ್ತದೆ. ಡಬ್ಬಿಯ ನೀರನ್ನು ತೋಟಕ್ಕೋ ಕೆರೆಗೋ ಚೆಲ್ಲಬೇಡಿ. ಬ್ಲೀಚು ಬೆರೆಸಿ ಹೊತ್ತು ಬಿಟ್ಟು ಒಳಚರಂಡಿಗೆ ಬಿಡಿ.

ಕಪ್ಪೆ ಉಳಿಯದೇ ಹೋದರೂ ಕೆಲಸ ಬಾಕಿಯಿರುತ್ತದೆ. ಎದೆಯ ಚರ್ಮದಡಿ ಹೃದಯದ ಮಿಡಿತ ನಿಂತಿದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ತಂಪಾದ ಕಪ್ಪೆ ಸತ್ತಂತೆ ಕಾಣುವುದುಂಟು. ಆಮೇಲೆ ದೇಹವನ್ನು ಒದ್ದೆ ಟವೆಲಿನಲ್ಲಿ ಸುತ್ತಿ, ಚೀಲದಲ್ಲಿ ಮುಚ್ಚಿ ಫ್ರಿಜ್ಜಿನಲ್ಲಿಡಿ. ಫ್ರೀಜರಿನಲ್ಲಿ ಬೇಡ, ಮಂಜಿನ ಹರಳುಗಳು ಅಂಗಾಂಶವನ್ನು ಹರಿದು ಹಾಕುತ್ತವೆ. ಕಪ್ಪೆಯ ದೇಹ ಬಹಳ ಬೇಗ ಕೊಳೆಯುವುದರಿಂದ 24 ಗಂಟೆಯೊಳಗೆ ವೈದ್ಯರಿಗೆ ತಲುಪಬೇಕು. ತೊಟ್ಟಿಯಲ್ಲಿ ಉಳಿದ ಕಪ್ಪೆಗಳಿಗೆ ಯಾವ ಔಷಧಿ ಎಂಬುದು ಆ ಮರಣೋತ್ತರ ಪರೀಕ್ಷೆಯಿಂದ ಗೊತ್ತಾಗುತ್ತದೆ.