ಬಲೆ ಹೋಯಿತು, ಆಮೇಲೆ ಹುಲ್ಲೂ ಹೋಯಿತು

2022ರ ಸೆಪ್ಟೆಂಬರ್ 1ರಿಂದ ಅಮೆರಿಕದ ಫ್ಲಾರಿಡಾದ ಇಂಡಿಯನ್ ರಿವರ್ ಲಗೂನ್‌ನಲ್ಲಿ ಹೊಸ ನಿಯಮವೊಂದು ಜಾರಿಗೆ ಬಂತು. ರೆಡ್‌ಫಿಶ್ ಎಂಬ ಮೀನಿಗೆ ಗಾಳ ಹಾಕಬಹುದು, ಆದರೆ ಒಂದನ್ನೂ ಮನೆಗೆ ಒಯ್ಯುವಂತಿಲ್ಲ. ಗಾಳ ಬಿಡಿಸಿ ಮತ್ತೆ ನೀರಿಗೇ ಬಿಡಬೇಕು. ಆ ಹೊತ್ತಿಗೆ ಅಲ್ಲಿ ಕಂತಬಲೆ (ಕಣ್ಣುಗಳಲ್ಲಿ ಮೀನಿನ ಕಿವಿರು ಸಿಕ್ಕಿಕೊಳ್ಳುವ ಬಲೆ) ಹಾಕುವುದು ನಿಂತು 27 ವರ್ಷ ಆಗಿತ್ತು. ರೆಡ್‌ಫಿಶ್ ಮಾರುವುದು ನಿಂತು 30 ವರ್ಷ ದಾಟಿತ್ತು. ಬಲೆಯೂ ಇಲ್ಲ, ಮಾರಾಟವೂ ಇಲ್ಲ. ಆದರೂ ಮೀನು ಯಾಕೆ ಕಡಿಮೆಯಾಯಿತು?

ಅದು ತಿಳಿಯಬೇಕಾದರೆ ಮೊದಲು ಆ ನೀರನ್ನು ನೋಡಬೇಕು. ಇಂಡಿಯನ್ ರಿವರ್ ಅಂತ ಹೆಸರಿದ್ದರೂ ಅದು ನದಿಯಲ್ಲ. ಅಟ್ಲಾಂಟಿಕ್ ಸಮುದ್ರಕ್ಕೂ ನೆಲಕ್ಕೂ ನಡುವೆ, ಮರಳ ದಿಬ್ಬದ ಹಿಂದೆ ಉದ್ದಕ್ಕೆ ಚಾಚಿಕೊಂಡ ಉಪ್ಪುನೀರಿನ ಹಿನ್ನೀರು. ಉದ್ದ ಸುಮಾರು 250 ಕಿಲೋಮೀಟರ್. ಆಳ ಮಾತ್ರ ಸರಾಸರಿ ನಾಲ್ಕೇ ಅಡಿ. ಮಸ್ಕಿಟೋ ಲಗೂನ್, ಬನಾನಾ ರಿವರ್, ಇಂಡಿಯನ್ ರಿವರ್ ಎಂಬ ಮೂರು ಭಾಗ ಸೇರಿ ಇದಾಗಿದೆ. ಸಮುದ್ರಕ್ಕೆ ತೆರೆದುಕೊಳ್ಳುವ ಅಳಿವೆಗಳು ಕೆಲವೇ ಕೆಲವು. ಉತ್ತರದ ಭಾಗ ಅಳಿವೆಗಳಿಂದ ದೂರ. ಅಲ್ಲಿ ಉಬ್ಬರ ಇಳಿತ ಇದ್ದೂ ಇಲ್ಲದ ಹಾಗೆ. ನೀರು ಬದಲಾಗಲು ತಿಂಗಳುಗಟ್ಟಲೆ ಬೇಕು. ಅಂದರೆ ಒಳಗೆ ಬಿದ್ದದ್ದು ಅಲ್ಲೇ ಉಳಿಯುತ್ತದೆ. ಇಡೀ ಕತೆಯ ಬೇರು ಇರುವುದು ಇಲ್ಲೇ.

ತಳದಲ್ಲಿ ಕಡಲ ಹುಲ್ಲು. ಅದು ಪಾಚಿಯಲ್ಲ. ಬೇರು, ಎಲೆ, ಹೂವು ಎಲ್ಲ ಇರುವ ನಿಜವಾದ ಗಿಡ. ಬಿಸಿಲು ತಳ ಮುಟ್ಟಿದರೆ ಮಾತ್ರ ಬೆಳೆಯುತ್ತದೆ. ಸಿಗಡಿ, ಏಡಿ, ಸಣ್ಣ ಮೀನು ಎಲ್ಲವಕ್ಕೂ ಅದೇ ಮನೆ. ಅವನ್ನು ತಿನ್ನಲು ರೆಡ್‌ಫಿಶ್ ಬರುತ್ತದೆ. ಮೊಣಕಾಲುದ್ದದ ನೀರಿನಲ್ಲಿ ತಲೆ ಕೆಳಗೆ ಮಾಡಿ ಹುಲ್ಲಿನ ಬುಡ ಕೆದಕುವಾಗ ಅದರ ಬಾಲ ನೀರಿನ ಮೇಲೆ ಆಡುತ್ತದೆ. ಬಾಲದ ಬುಡದಲ್ಲಿ ಒಂದು ಕಪ್ಪು ಬೊಟ್ಟು. ಅಲ್ಲಿಯ ಗಾಳದವರು ಎಂಜಿನ್ ನಿಲ್ಲಿಸಿ, ಉದ್ದನೆಯ ಗಳ ಊರುತ್ತಾ, ಸದ್ದಿಲ್ಲದೆ ದೋಣಿ ತಳ್ಳಿಕೊಂಡು ಆ ಬಾಲವನ್ನೇ ಹುಡುಕುತ್ತಾರೆ. ಕಣ್ಣಿಗೆ ಕಂಡ ಮೀನಿನ ಮುಂದೆ ಗಾಳ ಎಸೆಯುವುದು ಇಲ್ಲಿಯ ಪದ್ಧತಿ. ಗಾಳದವರು ಹುಡುಕುವ ಇನ್ನೊಂದು ಮೀನು ಟ್ರೌಟ್ ಹಾಗಲ್ಲ. ಅದು ಹುಲ್ಲಿನ ಅಂಚಿನಲ್ಲಿ, ನಡುವಿನ ಮರಳಿನ ತೇಪೆಗಳಲ್ಲಿ ಹೊಂಚು ಹಾಕಿರುತ್ತದೆ. ಬೆಂಡು ಕಟ್ಟಿ, ಕೆಳಗೆ ಜೀವಂತ ಸಿಗಡಿ ಇಳಿಬಿಟ್ಟು ಕಾಯಬೇಕು.

ಹೆಸರು ಟ್ರೌಟ್ ಆದರೂ ಅದು ಬೆಟ್ಟದ ತಣ್ಣನೆಯ ತೊರೆಯ ಟ್ರೌಟ್ ಅಲ್ಲ. ರೆಡ್‌ಫಿಶ್, ಈ ಟ್ರೌಟ್ ಎರಡೂ ಒಂದೇ ಬಳಗ. ಲಕ್ಷಗಟ್ಟಲೆ ಬೆಲೆಗೆ ಹೋಯಿತು ಅಂತ ನಮ್ಮಲ್ಲಿ ಆಗಾಗ ಸುದ್ದಿಯಾಗುವ ಘೋಲ್ ಮೀನೂ ಇದೇ ಬಳಗದ್ದು. ಮೊಟ್ಟೆ ಇಡುವ ಕಾಲದಲ್ಲಿ ಈ ಬಳಗದ ಗಂಡುಗಳು ಗಾಳಿಚೀಲವನ್ನು ನಡುಗಿಸಿ ಡೋಲು ಬಡಿದ ಹಾಗೆ ಸದ್ದು ಮಾಡುತ್ತವೆ. ಬೇರೆ ಕಡೆ ದೊಡ್ಡ ರೆಡ್‌ಫಿಶ್ ಮೊಟ್ಟೆ ಇಡಲು ಅಳಿವೆಗೆ, ಸಮುದ್ರಕ್ಕೆ ಹೋಗುತ್ತದೆ. ಮಸ್ಕಿಟೋ ಲಗೂನ್‌ನಲ್ಲಿ ಹಿನ್ನೀರಿನೊಳಗೇ ಇಡುತ್ತದೆ. ಹುಟ್ಟು, ಬಾಳು ಎಲ್ಲ ಅಲ್ಲೇ. ಹಾಗಾಗಿ ಆ ನೀರು ಕೆಟ್ಟರೆ ಅದಕ್ಕೆ ಬೇರೆ ದಾರಿಯಿಲ್ಲ.

ರೆಡ್‌ಫಿಶ್‌ಗೆ ಮೊದಲ ದೊಡ್ಡ ಏಟು ಬಿದ್ದದ್ದು ಒಂದು ಅಡುಗೆಮನೆಯಿಂದ. 1980ರ ಸುಮಾರಿಗೆ ನ್ಯೂ ಆರ್ಲಿಯನ್ಸ್‌ನ ಬಾಣಸಿಗ ಪಾಲ್ ಪ್ರುಡೋಮ್ ಹೊಸ ಅಡುಗೆಯೊಂದನ್ನು ಮಾಡಿದರು. ಮೀನಿನ ತುಂಡನ್ನು ಬೆಣ್ಣೆಯಲ್ಲಿ ಅದ್ದಿ, ಮಸಾಲೆ ಹಚ್ಚಿ, ಕಬ್ಬಿಣದ ಕಾವಲಿಯನ್ನು ಕೆಂಡದಂತೆ ಕಾಯಿಸಿ, ಹೊಗೆ ಏಳುವಂತೆ ಕಪ್ಪಗೆ ಸುಡುವುದು. ಅದಕ್ಕೆ ಆರಿಸಿದ್ದು ರೆಡ್‌ಫಿಶ್. ಅಲ್ಲಿವರೆಗೆ ಅದು ದಕ್ಷಿಣದ ತೀರದ ಜನ ತಿನ್ನುವ ಸಾಮಾನ್ಯ ಮೀನು. ಕೆಲವೇ ವರ್ಷದಲ್ಲಿ ಇಡೀ ಅಮೆರಿಕದ ಹೋಟೆಲುಗಳು ಅದನ್ನೇ ಕೇಳತೊಡಗಿದವು. ಮೆಕ್ಸಿಕೋ ಕೊಲ್ಲಿಯಲ್ಲಿ ವಿಮಾನದಿಂದ ಹಿಂಡು ಹುಡುಕಿ, ಪರ್ಸೀನ್ ಬಲೆ ಸುತ್ತಿ, ಮೊಟ್ಟೆ ಇಡುವ ದೊಡ್ಡ ಮೀನುಗಳನ್ನೇ ರಾಶಿ ರಾಶಿ ಎತ್ತಿದರು. ನಮ್ಮ ಕರಾವಳಿಯಲ್ಲಿ ಪರ್ಸೀನ್ ಬಂದು ದಡದಿಂದ ಎಳೆಯುವ ರಂಪಣಿ ಬಲೆ ಮೂಲೆ ಸೇರಿದ್ದನ್ನು ಕಂಡವರಿಗೆ ಆ ಬಲೆಯ ಶಕ್ತಿ ಏನೆಂದು ಬಿಡಿಸಿ ಹೇಳಬೇಕಿಲ್ಲ.

ರೆಡ್‌ಫಿಶ್ ನಿಧಾನದ ಮೀನು. ಮೊಟ್ಟೆ ಇಡಲು ಮೂರರಿಂದ ಐದು ವರ್ಷ ಬೇಕು. ಹಿಡಿಯದೆ ಬಿಟ್ಟರೆ ಮೂವತ್ತು ನಲವತ್ತು ವರ್ಷ ಬದುಕುತ್ತದೆ. ಮುದಿ ಮೀನುಗಳನ್ನು ಒಮ್ಮೆಲೇ ಎತ್ತಿಬಿಟ್ಟರೆ ತುಂಬಿಕೊಳ್ಳಲು ಕಾಲ ಹಿಡಿಯುತ್ತದೆ. 1986ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಕೊಲ್ಲಿಯ ಹೊರನೀರಿನಲ್ಲಿ ತುರ್ತು ನಿರ್ಬಂಧ ಹಾಕಿತು. ಫ್ಲಾರಿಡಾವೂ ಕೆಲಕಾಲ ಬೇಟೆ ನಿಲ್ಲಿಸಿ, 1989ರಲ್ಲಿ ಮತ್ತೆ ತೆರೆಯಿತು. ಈ ಸಲ ಕಟ್ಟುನಿಟ್ಟು ಜಾಸ್ತಿ. ಒಬ್ಬರಿಗೆ ದಿನಕ್ಕೆ ಒಂದೇ ಮೀನು. ಅದೂ 18ರಿಂದ 27 ಇಂಚಿನೊಳಗಿರಬೇಕು. ಚಿಕ್ಕದು ಬೆಳೆಯಲಿ, ದೊಡ್ಡದು ಮೊಟ್ಟೆ ಇಡಲಿ ಅಂತ. ಮಾರುವುದಂತೂ ಪೂರ್ತಿ ಬಂದ್.

ಆಮೇಲೆ ಬಂದದ್ದು ಬಲೆಯ ಜಗಳ. ಗಾಳದವರು ಒಂದು ಕಡೆ, ಬಲೆಯವರು ಇನ್ನೊಂದು ಕಡೆ. ಗಾಳದ ಹವ್ಯಾಸಿಗಳ ಸಂಖ್ಯೆ ದೊಡ್ಡದು, ದನಿಯೂ ದೊಡ್ಡದು. 1994ರ ನವೆಂಬರ್‌ನಲ್ಲಿ ವಿಷಯ ಮತಕ್ಕೆ ಹೋಯಿತು. ಶೇಕಡಾ 72 ಜನ ಬಲೆ ಬೇಡ ಎಂದರು. ನಿಷೇಧ ರಾಜ್ಯದ ಸಂವಿಧಾನದಲ್ಲೇ ಸೇರಿತು. 1995ರ ಜುಲೈ 1ರಿಂದ ಫ್ಲಾರಿಡಾದ ನೀರಿನಲ್ಲಿ ಕಂತಬಲೆ ಇಲ್ಲ. ತೀರದ ಹತ್ತಿರ 500 ಚದರ ಅಡಿಗಿಂತ ದೊಡ್ಡ ಬೇರೆ ಬಲೆಯೂ ಇಲ್ಲ. ಬೀಸುಬಲೆಯಂಥ ಸಣ್ಣ ಬಲೆಗಳು ಮಾತ್ರ ಉಳಿದವು.

ಬಲೆಯವರ ಮುಖ್ಯ ಬೇಟೆ ರೆಡ್‌ಫಿಶ್ ಆಗಿರಲಿಲ್ಲ. ಅವರು ಹೆಚ್ಚಾಗಿ ಹಿಡಿಯುತ್ತಿದ್ದದ್ದು ಮಲ್ಲೆಟ್, ಅದರ ಮೊಟ್ಟೆಗಾಗಿ. ಅಪ್ಪ ಅಜ್ಜನ ಕಾಲದ ಕಸುಬು ಅದು. ಸರ್ಕಾರ ಬಲೆಗಳನ್ನು ಹಣ ಕೊಟ್ಟು ಕೊಂಡುಕೊಂಡಿತು. ಕೆಲವರಿಗೆ ಚಿಪ್ಪು ಸಾಕುವ ತರಬೇತಿ ಕೊಟ್ಟಿತು. ಕೆಲವರು ಅದರಲ್ಲಿ ನೆಲೆ ಕಂಡರು. ಉಳಿದವರು ನೀರು ಬಿಟ್ಟು ಬೇರೆ ಕೆಲಸ ಹುಡುಕಿದರು. ಬಲೆ ನಿಷೇಧ ತಪ್ಪು ಅಂತ ನಾನು ಹೇಳುತ್ತಿಲ್ಲ. ಮೀನಿಗೆ ಉಸಿರಾಡಲು ಜಾಗ ಸಿಕ್ಕಿದ್ದು ನಿಜ. ಆದರೆ ಆ ಹಿನ್ನೀರಿಗಾಗಿ ಹೊಟ್ಟೆಪಾಡನ್ನೇ ಬಿಡಬೇಕಾಗಿ ಬಂದದ್ದು ಬಲೆಯವರೊಬ್ಬರಿಗೇ. ಅದನ್ನು ಮರೆಯಬಾರದು.

ಇದೇ ಹೊತ್ತಿಗೆ ಎರಡು ಒಳ್ಳೆಯ ಸಂಗತಿಗಳೂ ನಡೆದವು, ಇವುಗಳ ಮಾತು ಕೇಳಿಬರುವುದು ಕಡಿಮೆ. ಒಂದು, 1962ರಿಂದ ಕೇಪ್ ಕೆನಾವೆರಲ್ ಬಳಿ ರಾಕೆಟ್ ನೆಲೆಯ ಭದ್ರತೆಗಾಗಿ ಸುಮಾರು 40 ಚದರ ಕಿಲೋಮೀಟರ್ ನೀರಿಗೆ ಯಾರನ್ನೂ ಬಿಟ್ಟಿರಲಿಲ್ಲ. ಮೀನಿಗಾಗಿ ಮಾಡಿದ್ದಲ್ಲ ಅದು. ಆದರೂ ಅಲ್ಲಿ ಮೀನು ಬೆಳೆದು ಮುದಿಯಾದವು, ಹೊರಗೂ ಹರಡಿದವು. ಆ ಬೇಲಿಯ ಸುತ್ತಮುತ್ತ ದಾಖಲೆ ಗಾತ್ರದ ರೆಡ್‌ಫಿಶ್, ಟ್ರೌಟ್ ಗಾಳಕ್ಕೆ ಬಿದ್ದವು. ಇನ್ನೊಂದು, 1990ರ ಕಾಯ್ದೆ. ಊರುಗಳ ಚರಂಡಿ ಶುದ್ಧೀಕರಣ ಘಟಕಗಳು ನೇರವಾಗಿ ಹಿನ್ನೀರಿಗೆ ಸುರಿಯುವುದನ್ನು ಅದು ನಿಲ್ಲಿಸಿತು. ನೀರು ತಿಳಿಯಾಯಿತು. ಹುಲ್ಲು ವರ್ಷದಿಂದ ವರ್ಷಕ್ಕೆ ಹಬ್ಬಿ, 2009ರ ಹೊತ್ತಿಗೆ ಹಲವು ದಶಕಗಳಲ್ಲೇ ಜಾಸ್ತಿಯಾಗಿತ್ತು. ಬಲೆ ನಿಷೇಧಕ್ಕೆ ಎರಡು ತಿಂಗಳು ಮೊದಲು, 1995ರ ಮೇನಲ್ಲಿ, ಇದೇ ಹಿನ್ನೀರಿನ ಫೋರ್ಟ್ ಪಿಯರ್ಸ್‌ನಲ್ಲಿ 17 ಪೌಂಡ್ 7 ಔನ್ಸ್ ತೂಕದ ಟ್ರೌಟ್ ಸಿಕ್ಕಿತ್ತು. ಸುಮಾರು 8 ಕಿಲೋ, ವಿಶ್ವದಾಖಲೆ. ಒಂದು ಮೀನಿನಿಂದ ಏನೂ ಸಾಬೀತಾಗುವುದಿಲ್ಲ. ಆದರೆ ಬಲೆಗಳಿದ್ದಾಗಲೂ ಆ ಹುಲ್ಲು ಎಂಥ ಮೀನನ್ನು ಸಾಕಬಲ್ಲದಾಗಿತ್ತು ಅನ್ನುವುದಂತೂ ತಿಳಿಯುತ್ತದೆ.

2011ರಲ್ಲಿ ಎಲ್ಲ ತಲೆಕೆಳಗಾಯಿತು. ಎರಡು ಚಳಿಗಾಲ ವಿಪರೀತ ಚಳಿ, ಜೊತೆಗೆ ಬರ. ಆಮೇಲೆ ನೀರು ಪೂರ್ತಿ ಹಸಿರು. ಸೂಕ್ಷ್ಮ ಪಾಚಿ ತಿಂಗಳುಗಟ್ಟಲೆ ಉಕ್ಕಿ ನಿಂತಿತು. ಬಿಸಿಲು ತಳ ಮುಟ್ಟಲಿಲ್ಲ. ಹುಲ್ಲು ಸತ್ತಿತು. ಮರುವರ್ಷ ಕಂದು ಪಾಚಿ. 2016ರ ಮಾರ್ಚ್‌ನಲ್ಲಿ ಅದು ಮತ್ತೆ ಉಕ್ಕಿ, ಸತ್ತು ಕೊಳೆತು, ನೀರಿನ ಆಮ್ಲಜನಕವನ್ನೇ ನುಂಗಿತು. ಬನಾನಾ ರಿವರ್‌ನ ಕಾಲುವೆಗಳಲ್ಲಿ ಸತ್ತ ಮೀನು ಚಾಪೆ ಹಾಸಿದ ಹಾಗೆ ತೇಲಿತು. 2009ರ ಹುಲ್ಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗಿತ್ತು.

ಪಾಚಿಗೆ ಗೊಬ್ಬರ ಎಲ್ಲಿಂದ ಬಂತು? ದೊಡ್ಡ ಕೊಳವೆ ಮುಚ್ಚಿದರು, ಸರಿ. ಆದರೆ ತೀರದುದ್ದಕ್ಕೂ ಮನೆಗಳು ಎದ್ದಿದ್ದವು. ಎಷ್ಟೋ ಮನೆಗಳಿಗೆ ಚರಂಡಿ ಸಂಪರ್ಕವೇ ಇಲ್ಲ, ಹಿತ್ತಲಲ್ಲಿ ಸೆಪ್ಟಿಕ್ ಟ್ಯಾಂಕ್. ಮರಳು ನೆಲ, ಕೈಗೆಟಕುವ ಅಂತರ್ಜಲ. ಟ್ಯಾಂಕಿನ ನೀರು ಮೆಲ್ಲಗೆ ಹಿನ್ನೀರು ಸೇರುತ್ತದೆ. ಅಂಗಳದ ಹುಲ್ಲುಹಾಸಿಗೆ ಹಾಕಿದ ಗೊಬ್ಬರ ಮಳೆ ಬಂದಾಗ ತೊಳೆದು ಹೋಗುತ್ತದೆ. ದಶಕಗಳ ಕೊಳೆ ತಳದಲ್ಲಿ ಕಪ್ಪು ರಾಡಿಯಾಗಿ ಕೂತು, ಅದೂ ಸಾರವನ್ನು ಬಿಡುತ್ತಲೇ ಇರುತ್ತದೆ. ಕಡಲ ಹುಲ್ಲು ಸಾಯಲು ಅಂಗಳದ ಹುಲ್ಲೂ ಒಂದು ಕಾರಣ ಎಂಬುದು ನನ್ನನ್ನು ತುಂಬ ಕಾಡುತ್ತದೆ.

ಲೋಕಕ್ಕೆ ಇದು ಕಂಡದ್ದು ಮ್ಯಾನಟಿಗಳಿಂದ. ಹುಲ್ಲು ತಿಂದೇ ಬದುಕುವ ಆ ದೊಡ್ಡ ಸಾಧು ಪ್ರಾಣಿಗಳು ಹಸಿವಿನಿಂದ ಸತ್ತವು. 2021ರಲ್ಲಿ ಫ್ಲಾರಿಡಾದಲ್ಲಿ ಎಲ್ಲ ಕಾರಣ ಸೇರಿ ಸತ್ತದ್ದು ಸುಮಾರು 1,100. ಆ ಚಳಿಗಾಲ ಕೇಪ್ ಕೆನಾವೆರಲ್‌ನ ವಿದ್ಯುತ್ ಸ್ಥಾವರದ ಬಿಸಿನೀರಿನ ಬಳಿ ನೆರೆದ ಮ್ಯಾನಟಿಗಳಿಗೆ ಸರ್ಕಾರವೇ ಲೆಟ್ಯೂಸ್ ಸೊಪ್ಪು ಹಾಕಿತು. ಸುಮಾರು 90 ಟನ್.

ರೆಡ್‌ಫಿಶ್ ಹಾಗೆ ಕಣ್ಣೆದುರು ಸತ್ತು ಬೀಳಲಿಲ್ಲ. ಮರಿಗಳು ಅಡಗಲು ಹುಲ್ಲಿಲ್ಲ, ತಿನ್ನಲು ಏಡಿಯಿಲ್ಲ. ಬರಬೇಕಾದ ತಲೆಮಾರು ಬರಲಿಲ್ಲ, ಅಷ್ಟೇ. 2022ರ ನಿಯಮ ಬಂದದ್ದು ಹೀಗೆ. ಉಳಿದ ಮೀನನ್ನು ಕಾಯಲು ಅದು ಬೇಕಿತ್ತು. ಆದರೆ ಗಾಳದವರು ದಿನಕ್ಕೆ ಒಂದು ಮೀನು ಬಿಟ್ಟುಕೊಟ್ಟರೆ ಹುಲ್ಲು ಬೆಳೆಯುವುದಿಲ್ಲ ಅಲ್ವಾ?

ಹುಲ್ಲಿಗೆ ನೇರವಾಗಿ ಸಂಬಂಧಿಸಿದ ಹೆಜ್ಜೆ ಬೇರೆ ಇದೆ. 2016ರ ನವೆಂಬರ್‌ನಲ್ಲಿ, ಸತ್ತ ಮೀನಿನ ನಾತ ಇನ್ನೂ ಮರೆಯದಿದ್ದಾಗ, ಹಿನ್ನೀರಿನ ದಂಡೆಯ ಬ್ರೆವಾರ್ಡ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಮತದಾರರು ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡರು. ಒಂದು ಡಾಲರ್ ಖರೀದಿಗೆ ಅರ್ಧ ಸೆಂಟ್, ಹತ್ತು ವರ್ಷ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮಳೆಗಾಲದಲ್ಲಿ, ಅಂಗಳಕ್ಕೆ ಸಾರಜನಕ, ರಂಜಕದ ಗೊಬ್ಬರ ಹಾಕುವಂತಿಲ್ಲ ಎಂಬ ನಿಯಮವೂ ಅಲ್ಲಿದೆ. ತೆರಿಗೆಯ ಹಣದಿಂದ ರಾಡಿ ಎತ್ತುತ್ತಾರೆ, ಮಳೆನೀರಿನ ಕಾಲುವೆಗಳಿಗೆ ಸೋಸುವ ವ್ಯವಸ್ಥೆ ಮಾಡುತ್ತಾರೆ, ಸೆಪ್ಟಿಕ್ ಟ್ಯಾಂಕ್‌ಗಳನ್ನು ಒಂದೊಂದಾಗಿ ಮುಚ್ಚಿ ಮನೆಗಳನ್ನು ಚರಂಡಿಗೆ ಜೋಡಿಸುತ್ತಾರೆ. ಬೀದಿ ಅಗೆದು, ಪೈಪ್ ಹಾಕಿ, ಒಂದು ಮನೆ ಆದಮೇಲೆ ಇನ್ನೊಂದು ಮನೆ.