ಎರಡು ವೆಲ್ಚಿ: ಏಲಕ್ಕಿ ಬಾಳೆಯ ಹೆಸರು ಮತ್ತು ಗುಂಪು

ಮುಂಬೈಯ ಮಾಟುಂಗದ ಮಾರುಕಟ್ಟೆಯಲ್ಲಿ ನಾನೂ ಈಗ 'ವೆಲ್ಚಿ ಕೊಡಿ' ಅಂತಲೇ ಕೇಳುತ್ತೇನೆ. ಮರಾಠಿಯ ವೆಲ್ಚಿ ಅಂದರೂ ಏಲಕ್ಕಿಯೇ, ಅಲ್ವಾ? ಆದರೆ ತೋಟಗಾರಿಕೆ ಪರೀಕ್ಷೆಗೆ ಓದುವಾಗ ತಳಿಗಳ ಪಟ್ಟಿಯಲ್ಲಿ ಎರಡು ವೆಲ್ಚಿ ಸಿಕ್ಕವು. ಅಲ್ಲೇ ಎರಡು ದಿನ ಹೋಯಿತು.

ಸಫೇದ್ ವೆಲ್ಚಿ ನಮ್ಮ ಏಲಕ್ಕಿ ಬಾಳೆ. ತಮಿಳುನಾಡಿನ ನೆಯ್ ಪೂವನ್, ಕೇರಳದ ಞಾಲಿಪೂವನ್ ಇದೇ. ಲಾಲ್ ವೆಲ್ಚಿ ಬೇರೆ ತಳಿ: ತಮಿಳುನಾಡಿನ ಪೂವನ್, ಕೇರಳದ ಪಾಳಯಂಕೋಡನ್. ಲಾಲ್ ಅಂದ ಕೂಡಲೇ ನಾನು ಕೆಂಪು ಸಿಪ್ಪೆಯ ಚಂದ್ರಬಾಳೆ ಅಂದುಕೊಂಡಿದ್ದೆ. ಇದರ ಹಣ್ಣು ಹಳದಿಯೇ. ಎಳೆ ಎಲೆಯ ನಡುದಿಂಡಿನ ಹೊರಬದಿ ಮಾತ್ರ ಗುಲಾಬಿ. 'ಲಾಲ್' ಪದವನ್ನು ಅದಕ್ಕೇ ಗಂಟು ಹಾಕಿ ನೆನಪಿಟ್ಟುಕೊಂಡೆ. ಕೇರಳದಲ್ಲಿ ಬರೀ 'ಪೂವನ್' ಅಂದರೆ ನಮ್ಮ ರಸಬಾಳೆ, ಅದನ್ನೂ ಗುರುತು ಹಾಕಿಕೊಳ್ಳಿ.

ಈಗ ಗುಂಪು, ಅಂದರೆ ತಳಿಯಲ್ಲಿ ಯಾವ ಕಾಡುಬಾಳೆಯ ಪಾಲು ಎಷ್ಟು ಅನ್ನೋದು. ಏಲಕ್ಕಿ ಎಬಿ, ಲಾಲ್ ವೆಲ್ಚಿ ಎಎಬಿ. ಎ ಅಂದರೆ ಮೂಸಾ ಅಕ್ಯುಮಿನೇಟಾ, ಬಿ ಅಂದರೆ ಮೂಸಾ ಬಾಲ್ಬಿಸಿಯಾನಾ, ಎರಡೂ ಕಾಡುಬಾಳೆ. ಒಂದೊಂದು ಅಕ್ಷರಕ್ಕೆ 11 ಕ್ರೋಮೋಸೋಮ್. ಹಾಗಾಗಿ ಏಲಕ್ಕಿಗೆ 22, ಲಾಲ್ ವೆಲ್ಚಿಗೆ 33.

1955ರಲ್ಲಿ ಸಿಮ್ಮಂಡ್ಸ್ ಮತ್ತು ಶೆಫರ್ಡ್ ಎಂಬ ವಿಜ್ಞಾನಿಗಳು 15 ಲಕ್ಷಣ ನೋಡಿ, ಅಂಕ ಕೊಟ್ಟು ಗುಂಪು ಗುರುತಿಸುವ ವಿಧಾನ ತಂದರು. ಲಕ್ಷಣ ಪೂರ್ತಿ ಎ ತರಹ ಇದ್ದರೆ 1, ಪೂರ್ತಿ ಬಿ ತರಹ ಇದ್ದರೆ 5. ಉದಾಹರಣೆಗೆ, ಎಲೆಯ ತೊಟ್ಟನ್ನು ಅಡ್ಡ ಕತ್ತರಿಸಿ ನೋಡಿ. ಮೇಲಿನ ಕಾಲುವೆ ಬಾಯಿ ತೆರೆದಿದ್ದರೆ ಎ ಕಡೆ, ಅಂಚುಗಳು ಕೂಡಿಕೊಂಡಿದ್ದರೆ ಬಿ ಕಡೆ. ಒಟ್ಟು ಅಂಕ ಅಪ್ಪಟ ಎಗೆ 15, ಅಪ್ಪಟ ಬಿಗೆ 75.

ನಾನು ಎಡವಿದ್ದು ಇಲ್ಲೇ. ಎಬಿಗೆ 49, ಎಎಬಿಗೆ 26ರಿಂದ 46. ಮೂರು ಅಕ್ಷರಕ್ಕೆ ಕಡಿಮೆ ಅಂಕ ಹೇಗೆ? ಅಕ್ಷರ ಎಷ್ಟಿದೆ ಅಂತ ಎಣಿಸಬಾರದು, ಬಿ ಪಾಲು ಎಷ್ಟು ಅಂತ ನೋಡಬೇಕು. 15 ಮತ್ತು 75ರ ನಡುವಿನ ಅಂತರ 60. ಎಬಿಯಲ್ಲಿ ಬಿ ಅರ್ಧ: 15ಕ್ಕೆ 30 ಕೂಡಿಸಿ, 45. ಎಎಬಿಯಲ್ಲಿ ಬಿ ಮೂರರಲ್ಲೊಂದು: 15ಕ್ಕೆ 20 ಕೂಡಿಸಿ, 35. ಇದು ಸುಮ್ನೆ ಅಂದಾಜು, ಗಿಡದಲ್ಲಿ ಇಷ್ಟು ಲೆಕ್ಕಾಚಾರವಾಗಿ ಬರುವುದಿಲ್ಲ. ಆದರೆ ಯಾವುದು ಜಾಸ್ತಿ ಅನ್ನೋದು ಇನ್ನು ಮರೆಯೋದಿಲ್ಲ. ಮೂರು ಸಲ ಬರೆದ ಮೇಲೇ ನನಗೆ ಹತ್ತಿದ್ದು.

ರೋಗದ ಪ್ರಶ್ನೆಯಲ್ಲಿ ಪೂರ್ತಿ ಹೆಸರು ಬರೆಯಿರಿ. ಪನಾಮಾ ಸೊರಗು ರೋಗಕ್ಕೆ ಸಫೇದ್ ವೆಲ್ಚಿ ಬೇಗ ತುತ್ತಾಗುತ್ತದೆ, ಲಾಲ್ ವೆಲ್ಚಿ ತಡೆದುಕೊಳ್ಳುತ್ತದೆ.