ಒಂದು ಓಟಿನ ಲೆಕ್ಕ

ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವನು ನಾನು. ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ 1957ರಲ್ಲಿ ಮುಂದಿಟ್ಟ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದ ದಿನ ಕ್ಲಾಸಿನಲ್ಲಿ ಗಲಾಟೆ ಗ್ಯಾರಂಟಿ.

ಲೆಕ್ಕ ಇಷ್ಟೇ. ಓಟು ಹಾಕಲು ಖರ್ಚಿದೆ. ಬೆಂಗಳೂರಿನಿಂದ ಊರಿಗೆ ಬಸ್ ಚಾರ್ಜು, ಒಂದು ದಿನದ ಕೂಲಿ, ಬಿಸಿಲಿನ ಕ್ಯೂ. ನಮ್ಮ ಅಭ್ಯರ್ಥಿ ಗೆದ್ದರೆ ಲಾಭವೂ ಇದೆ ಅನ್ನೋಣ. ಆದರೆ ಅವರು ಗೆಲ್ಲೋದು ನನ್ನ ಒಂದೇ ಓಟಿನಿಂದ ಆಗುವ ಸಂಭವ ಎಷ್ಟು? ಒಂದೂವರೆ, ಎರಡು ಲಕ್ಷ ಮತದಾರರ ಕ್ಷೇತ್ರದಲ್ಲಿ ಅದು ಸೊನ್ನೆಯ ಪಕ್ಕದಲ್ಲಿ ಕೂತಿರುತ್ತದೆ. ಅಂದಮೇಲೆ ಲೆಕ್ಕ ಬಲ್ಲವನು ಮನೆಯಲ್ಲೇ ಇರಬೇಕು, ಅಲ್ವಾ?

ಆದರೆ ಜನ ಮನೆಯಲ್ಲಿ ಇರುವುದಿಲ್ಲ. 2023ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ರಾಜ್ಯದಲ್ಲಿ ನೂರಕ್ಕೆ 73 ಮಂದಿ ಓಟು ಹಾಕಿದರು. ರೈಕರ್ ಮತ್ತು ಆರ್ಡೆಶುಕ್ ಎಂಬಿಬ್ಬರು 1968ರಲ್ಲಿ ಈ ಲೆಕ್ಕಕ್ಕೆ 'ಕರ್ತವ್ಯದ ತೃಪ್ತಿ' ಅಂತ ಇನ್ನೊಂದು ಬಾಬ್ತು ಸೇರಿಸಿದರು. ನನಗೇಕೋ ಇದು ಉತ್ತರ ನೋಡಿಕೊಂಡು ಲೆಕ್ಕ ಸರಿಮಾಡಿದಂತೆ ಕಾಣುತ್ತದೆ.

ಡೌನ್ಸ್ ಗೆಲ್ಲೋದು ಅಭ್ಯರ್ಥಿಗಳ ವಿಷಯದಲ್ಲಿ. ಇದರ ಬೇರು ಹೆರಾಲ್ಡ್ ಹೋಟೆಲಿಂಗ್ 1929ರಲ್ಲಿ ಬರೆದ ಲೇಖನದಲ್ಲಿದೆ. ಒಂದು ಉದ್ದನೆಯ ಬೀದಿ, ಎರಡು ಕಬ್ಬಿನ ಹಾಲಿನ ಗಾಡಿ ಅಂದುಕೊಳ್ಳಿ. ಗಿರಾಕಿಗಳು ಹತ್ತಿರದ ಗಾಡಿಗೆ ಹೋಗುತ್ತಾರೆ. ಆ ತುದಿಗೊಂದು ಈ ತುದಿಗೊಂದು ನಿಂತ ಗಾಡಿಗಳು ಪಕ್ಕದವನ ಗಿರಾಕಿಗೋಸ್ಕರ ಅಷ್ಟಷ್ಟೇ ಸರಿದು, ಸಂಜೆ ಹೊತ್ತಿಗೆ ನಡುಬೀದಿಯಲ್ಲಿ ಮೈಗೆ ಮೈ ತಾಗಿಸಿ ನಿಂತಿರುತ್ತವೆ. ಪಕ್ಷಗಳೂ ಹೀಗೇ ನಡುವಿನ ಮತದಾರನ ಕಡೆ ಸರಿಯುತ್ತವೆ ಅನ್ನೋದು ಡೌನ್ಸ್ ವಾದ.

2022ರ ಜುಲೈನಲ್ಲಿ ಪ್ರಧಾನಿ 'ರೇವಡಿ ಸಂಸ್ಕೃತಿ' ಅಂತ ಉಚಿತ ಕೊಡುಗೆಗಳನ್ನು ಟೀಕಿಸಿದ್ದರು. 2023ರ ಜನವರಿಯಲ್ಲಿ ಇಲ್ಲಿ ಕಾಂಗ್ರೆಸ್ 200 ಯೂನಿಟ್ ಕರೆಂಟು, ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ಅಂದಿತು. ಮೇ ತಿಂಗಳಲ್ಲಿ ಬಂದ ಬಿಜೆಪಿ ಪ್ರಣಾಳಿಕೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 3 ಉಚಿತ ಸಿಲಿಂಡರ್, ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು. ಜೆಡಿಎಸ್‌ನದು 5 ಸಿಲಿಂಡರ್. ಮೂರೂ ಗಾಡಿ ಒಂದೇ ಕಡೆ! ಮೂರನೇ ಗಾಡಿ ಬಂದರೆ ಹೋಟೆಲಿಂಗ್ ಲೆಕ್ಕ ಸ್ವಲ್ಪ ಕೆಡುತ್ತದೆ. ನಡುವೆ ಸಿಕ್ಕಿಬಿದ್ದವನಿಗೆ ಎರಡೂ ಕಡೆಯಿಂದ ಹೊಡೆತ. ಜಾತಿಯನ್ನಂತೂ ಒಂದೇ ಗೆರೆಯ ಮೇಲೆ ಇಡೋಕೇ ಆಗಲ್ಲ. ಅದು ಬೇರೆಯೇ ಬೀದಿ.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಯಾರಾದರೂ ಕೇಳಿಯೇ ಕೇಳುತ್ತಾರೆ: "ಸಾರ್, ಸಂತೇಮರಹಳ್ಳಿ?"

ಚಾಮರಾಜನಗರ ಜಿಲ್ಲೆಯ ಆ ಕ್ಷೇತ್ರ ಈಗಿಲ್ಲ, ಮರುವಿಂಗಡಣೆಯಲ್ಲಿ ಹೋಯಿತು. 2004ರಲ್ಲಿ ಅಲ್ಲಿ ಕಾಂಗ್ರೆಸ್ಸಿನ ಧ್ರುವನಾರಾಯಣ ಅವರಿಗೆ 40,752 ಮತ, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಓಟು.

"ನೋಡಿ ಸಾರ್, ಇನ್ನೊಬ್ಬ ಬಂದು ಹಾಕಿದ್ದರೆ ಕೃಷ್ಣಮೂರ್ತಿ ಅವರೇ ಗೆಲ್ಲುತ್ತಿದ್ದರು!"

ಗೆಲ್ಲುತ್ತಿರಲಿಲ್ಲ. ಇಬ್ಬರದೂ 40,752 ಆಗುತ್ತಿತ್ತು, ಅಷ್ಟೇ. ಮತ ಸಮವಾದರೆ ನಮ್ಮ ಕಾನೂನಿನ ಪ್ರಕಾರ ಚುನಾವಣಾಧಿಕಾರಿ ಚೀಟಿ ಎತ್ತುತ್ತಾರೆ.